ಗುಡ್‌ವುಡ್ ರಿವೈವಲ್: ಹಾಸನದಿಂದ ಹೋದ ಇಬ್ಬರು ಪ್ರೇಕ್ಷಕರ ಒಂದು ಭಾನುವಾರ

ಹಾಸನ, ಚಿಕ್ಕಮಗಳೂರಿನ ಕಡೆಯವರಿಗೆ ಮೋಟಾರು ಸ್ಪರ್ಧೆ ಎಂದರೆ ರ‍್ಯಾಲಿ. ಕಾಫಿ ತೋಟದ ಮಣ್ಣುದಾರಿಯ ಪಕ್ಕದಲ್ಲಿ ಸಿಲ್ವರ್ ಮರಕ್ಕೆ ಒರಗಿ ನಿಂತು, ದೂರದಿಂದ ಏರುತ್ತ ಬರುವ ಎಂಜಿನ್ ಸದ್ದಿಗೆ ಕಿವಿಗೊಟ್ಟು, ಕಾರು ಕಣ್ಣೆದುರು ಹಾದುಹೋಗುವ ನಾಲ್ಕೈದು ಸೆಕೆಂಡುಗಳಿಗಾಗಿ ಬೆಳಗಿನಿಂದ ಕಾದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿ ನಡೆಯುತ್ತಿದ್ದ ವರ್ಷಗಳಲ್ಲಿ ನಾನೂ ಹಾಗೆ ನಿಂತವಳು. 2013ರಲ್ಲಿ ಗೌರವ್ ಗಿಲ್ ಸ್ಕೋಡಾ ಫೇಬಿಯಾ ಓಡಿಸಿ ಆ ಚಾಂಪಿಯನ್‌ಶಿಪ್ ಗೆದ್ದದ್ದು ನಮ್ಮ ಮನೆಯಲ್ಲಿ ಹಬ್ಬದ ಸುದ್ದಿಯಾಗಿತ್ತು. ಈಗ ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ; ಅವರನ್ನು ನೋಡಲು ಹೋಗುವ ತಂದೆತಾಯಂದಿರೂ ನಂಟರೂ ಹೆಚ್ಚುತ್ತಿದ್ದಾರೆ. ಅಂಥವರಲ್ಲಿ ಗಾಡಿಗಳ ಹುಚ್ಚಿರುವವರು ಸೆಪ್ಟೆಂಬರಿನಲ್ಲಿ ನಡೆಯುವ, ಹಳೆಯ ಕಾರುಗಳ ರೇಸಿನ ಮೇಳವಾದ ಗುಡ್‌ವುಡ್ ರಿವೈವಲ್‌ಗೆ ಹೋಗಬೇಕೇ, ಹೋದರೆ ಕೊಟ್ಟ ಹಣಕ್ಕೆ ಏನು ಸಿಗುತ್ತದೆ ಎಂದು ಕೇಳುತ್ತಿರುವುದರಿಂದ, ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ನಾವು ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಜೊತೆಗಿದ್ದವರು ನನ್ನ ಸೋದರಮಾವ. ಹಾಸನದಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿ, ಅಂಬಾಸಿಡರ್, ಫಿಯೆಟ್, ವಿಲ್ಲೀಸ್ ಜೀಪುಗಳ ಎಂಜಿನ್ನುಗಳನ್ನು ಇಳಿಸಿ ಏರಿಸಿದ ಕೈ ಅವರದು. ವಯಸ್ಸು ಎಪ್ಪತ್ತನಾಲ್ಕು, ಎಡಗಾಲಿನ ಮಂಡಿ ನೋವು, ಇಂಗ್ಲಿಷ್ ಅಷ್ಟಕ್ಕಷ್ಟೆ. ಇದನ್ನೆಲ್ಲ ಹೇಳಲು ಕಾರಣವಿದೆ: ಇಂಥ ಒಬ್ಬರಿಗೆ ಆ ದಿನ ಹೇಗೆ ಕಳೆಯಿತು ಎಂಬುದರ ಮೇಲೆಯೇ ನನ್ನ ಅಭಿಪ್ರಾಯ ನಿಂತಿದೆ. ಟಿಕೆಟನ್ನು ಅಲ್ಲಿಯೇ ನೆಲೆಸಿರುವ ನನ್ನ ತಮ್ಮ ತಿಂಗಳುಗಳ ಮೊದಲೇ ಕೊಂಡಿಟ್ಟಿದ್ದ.

ಗುಡ್‌ವುಡ್ ಇರುವುದು ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ, ಚಿಚೆಸ್ಟರ್ ಎಂಬ ಊರಿನ ಪಕ್ಕದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಿಮಾನನೆಲೆಯಾಗಿತ್ತು. ವಿಮಾನಗಳನ್ನು ಮೈದಾನದ ಸುತ್ತ ಸಾಗಿಸಲು ಹಾಕಿದ್ದ ಸುತ್ತುರಸ್ತೆಯೇ ಯುದ್ಧ ಮುಗಿದ ಮೇಲೆ ರೇಸಿನ ದಾರಿಯಾಯಿತು. ಜಮೀನಿನ ಒಡೆಯನಾದ ರಿಚ್‌ಮಂಡ್‌ನ ಡ್ಯೂಕ್ ಅದನ್ನು 1948ರ ಸೆಪ್ಟೆಂಬರ್ 18ರಂದು ತೆರೆದ. ಸುತ್ತಿನ ಉದ್ದ ಸುಮಾರು 3.8 ಕಿಲೋಮೀಟರ್. ಹದಿನೆಂಟು ವರ್ಷ ಅಲ್ಲಿ ರೇಸುಗಳು ನಡೆದವು. ಕಾರುಗಳ ವೇಗ ಆ ದಾರಿಗೆ ಮೀರುತ್ತಿದೆ ಎನಿಸಿದ್ದರಿಂದ 1966ರಲ್ಲಿ ನಿಲ್ಲಿಸಲಾಯಿತು. ಆಮೇಲೆ ಡ್ಯೂಕನ ಮೊಮ್ಮಗ, ತೆರೆದ ದಿನಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ 1998ರ ಸೆಪ್ಟೆಂಬರ್ 18ರಂದು, ಅಜ್ಜ ಅಂದು ಓಡಿಸಿದ್ದ ಬ್ರಿಸ್ಟಲ್ 400 ಕಾರಿನಲ್ಲಿಯೇ ಒಂದು ಸುತ್ತು ಬಂದು ಮತ್ತೆ ಬಾಗಿಲು ತೆರೆದ. ಅಂದಿನಿಂದ ರಿವೈವಲ್‌ನಲ್ಲಿ ಓಡುವುದು 1948ರಿಂದ 1966ರವರೆಗಿನ ಆ ಕಾಲಕ್ಕೆ ಸೇರಿದ ಬಗೆಯ ಕಾರುಗಳು ಮಾತ್ರ. ಈ ಕತೆಯನ್ನು ದಾರಿಯಲ್ಲಿ ನನ್ನ ತಮ್ಮ ಹೇಳುತ್ತಿದ್ದಾಗ ಮಾವ, "ಶೋಲಾವರಂ ಕೂಡ ಹಂಗೇ ಅಲ್ವೇನಪ್ಪ, ಯುದ್ಧದ ಕಾಲದ ಏರ್‌ಸ್ಟ್ರಿಪ್ಪು" ಎಂದರು. ನಿಜವೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮದ್ರಾಸಿನ ಹೊರಗೆ ಶೋಲಾವರಂನ ಹಳೆಯ ರನ್‌ವೇಗಳ ಮೇಲೆ ರೇಸು ನಡೆಸುತ್ತಿದ್ದ ಕಾಲದಲ್ಲಿ ಮಾವ ಹಾಸನದಿಂದ ರಾತ್ರಿ ಬಸ್ಸು ಹಿಡಿದು ಎರಡು ಬಾರಿ ಹೋಗಿಬಂದಿದ್ದರು. ನಾವು ದಿನನಿತ್ಯ ಕಾಣುವ ಫಿಯೆಟ್ 1100 ಅಲ್ಲಿ ರೇಸಿನ ಕಾರಾಗಿ ಓಡುವುದನ್ನು ಕಂಡದ್ದೇ ತಮ್ಮನ್ನು ಈ ಕಸುಬಿಗೆ ಕಟ್ಟಿಹಾಕಿತು ಎಂದು ಅವರು ಇಂದಿಗೂ ಹೇಳುತ್ತಾರೆ.

ಕಾರನ್ನು ದೂರದ ಹುಲ್ಲುಗಾವಲಿನಲ್ಲಿ ನಿಲ್ಲಿಸಿ ನಡೆದು ಹೋಗಬೇಕು. ಬಂದವರ ಹಳೆಯ ಗಾಡಿಗಳಿಗೆ, ಅಂದರೆ 1966ಕ್ಕಿಂತ ಹಿಂದಿನವುಗಳಿಗೆ, ಬೇರೆಯೇ ಜಾಗವಿದೆ. ಅದೇ ಒಂದು ಪ್ರದರ್ಶನದಂತಿರುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಒಂದರ ಮುಂದೆ ಮಾವ ಕಾಲು ಗಂಟೆ ನಿಂತರು. ನಮ್ಮ ಅಂಬಾಸಿಡರ್ ಹುಟ್ಟಿದ್ದು ಅದರ ಮೂರನೇ ಸರಣಿಯಿಂದ, ಮತ್ತು ಅಲ್ಲಿ ಆ ಮಾದರಿ ನಿಂತು ಎಷ್ಟೋ ದಶಕಗಳಾದ ಮೇಲೆಯೂ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ಅದರ ಪೀಳಿಗೆ ತಯಾರಾಗುತ್ತಲೇ ಇತ್ತು. ಕಾರಿನ ಒಡೆಯರು ಮಾವನ ಕೈಸನ್ನೆಯನ್ನು ಅರ್ಥಮಾಡಿಕೊಂಡು ತಾವಾಗಿಯೇ ಬಾನೆಟ್ ಎತ್ತಿ ತೋರಿಸಿದರು.

ಉಡುಪಿನ ವಿಷಯ ಹೇಳಲೇಬೇಕು. ಬಂದವರಲ್ಲಿ ಹೆಚ್ಚಿನವರು ನಲವತ್ತು, ಐವತ್ತು, ಅರವತ್ತರ ದಶಕದ ಉಡುಪಿನಲ್ಲಿರುತ್ತಾರೆ. ಇದಕ್ಕಾಗಿ ನಮ್ಮವರು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ನಾನು ಅಮ್ಮನ ಮದುವೆಯ ಕಾಲದ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದೆ, ಅದರ ಮೇಲೊಂದು ಉಣ್ಣೆಯ ಕೋಟು. ಮಾವ ತಮ್ಮ ಹಳೆಯ ಕೋಟು, ಟೈ ಮತ್ತು ಮಂಗನಟೋಪಿಯ ಬದಲು ನನ್ನ ತಮ್ಮ ಕೊಡಿಸಿದ ಚಪ್ಪಟೆ ಟೋಪಿ ಹಾಕಿದ್ದರು. ಸೀರೆಯನ್ನು ನೋಡಿ ಮಾತನಾಡಿಸಿದವರು ಹತ್ತಾರು ಮಂದಿ. ಈ ಉಡುಪು ಕೇವಲ ವೇಷವಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ನನಗೆ ಅರಿವಾಯಿತು: ಸುತ್ತಮುತ್ತ ಇಂದಿನ ಜಾಹೀರಾತು ಫಲಕಗಳಿಲ್ಲ, ದಾರಿಯ ಒಳಭಾಗದಲ್ಲಿ ಇಂದಿನ ವಾಹನಗಳಿಲ್ಲ, ಆದ್ದರಿಂದ ಕಣ್ಣು ಎಲ್ಲಿಯೂ ಎಡವದೆ ಕಾರುಗಳ ಮೇಲೆಯೇ ನಿಲ್ಲುತ್ತದೆ.

ಇನ್ನು ನನ್ನ ಮಟ್ಟಿಗೆ ಇಡೀ ದಿನದ ಬೆಲೆ ಎಲ್ಲಿತ್ತೋ ಅಲ್ಲಿಗೆ ಬರುತ್ತೇನೆ. ಕಾರುಗಳನ್ನು ಸಜ್ಜುಗೊಳಿಸುವ ಪ್ಯಾಡಕ್ ನಮ್ಮ ಸಂತೆಯ ಚಾವಡಿಗಳಂತೆ ಮುಂಭಾಗ ತೆರೆದ ಉದ್ದನೆಯ ಸಾಲು. ಕಂಬಿಯ ಈಚೆ ನಿಂತರೂ ಕಾರಿಗೂ ನಮಗೂ ಇರುವುದು ಎರಡು ಮಾರು ದೂರ. ಮೊದಲು ಬಂದದ್ದು ವಾಸನೆ. ಮಾವ ತಟ್ಟನೆ ನಿಂತು, "ಹರಳೆಣ್ಣೆ ಸುಟ್ಟಂಗಿದೆ ಕಣಮ್ಮ" ಎಂದರು. ಅದು ಹರಳೆಣ್ಣೆಯೇ. ಹಳೆಯ ರೇಸಿನ ಎಂಜಿನ್ನುಗಳಿಗೆ ಹಾಕುತ್ತಿದ್ದ ಕ್ಯಾಸ್ಟ್ರಾಲ್ ಆರ್ ಎಂಬ ಎಣ್ಣೆಯ ಮೂಲ ಹರಳು. ಎಷ್ಟು ಕಾದರೂ ಬೇರಿಂಗುಗಳ ಮೇಲಿನ ಪದರ ಹರಿಯದಂತೆ ಹಿಡಿದಿಡುವ ಗುಣಕ್ಕಾಗಿ ಅದನ್ನು ಬಳಸುತ್ತಿದ್ದರು, ಇಂದಿಗೂ ಕೆಲವರು ಬಳಸುತ್ತಾರೆ. ಇನ್ನು ಪೆಟ್ರೋಲಿನ ಬಗ್ಗೆ ಒಂದು ಮಾತು. 2024ರಿಂದ ರಿವೈವಲ್‌ನ ಎಲ್ಲ ರೇಸುಗಳೂ ಕನಿಷ್ಠ ಶೇಕಡಾ 70ರಷ್ಟು ಪರಿಸರಕ್ಕೆ ಸುಸ್ಥಿರವಾದ ಅಂಶಗಳಿರುವ ಇಂಧನದಲ್ಲಿ ನಡೆಯುತ್ತಿವೆ. ಎಂಜಿನ್ ಬದಲಿಸದೆಯೇ ಹಳೆಯ ಕಾರಿಗೆ ಹೊಸ ಇಂಧನ ಒಗ್ಗುತ್ತದೆ ಎಂಬುದನ್ನು ಇಷ್ಟು ಕಠಿಣವಾಗಿ ಓಡಿಸಿ ತೋರಿಸುತ್ತಿರುವುದು ನನಗೆ ಬಹಳ ಮಹತ್ವದ್ದಾಗಿ ಕಂಡಿತು.

ಆ ಸಾಲಿನಲ್ಲಿ ಒಂದು ಆಸ್ಟಿನ್ ಹೀಲಿ 100ಎಸ್ ನಿಂತಿತ್ತು. 1955ರಲ್ಲಿ ಸುಮಾರು ಐವತ್ತು ಮಾತ್ರ ತಯಾರಾದ, ಅಲ್ಯೂಮಿನಿಯಂ ಮೈಯ, ನಾಲ್ಕು ಸಿಲಿಂಡರಿನ 2,660 ಸಿಸಿ ಎಂಜಿನ್ನಿನ ಕಾರು ಅದು. ನಮ್ಮ ತಮ್ಮನ ವಯಸ್ಸಿನ ಮೆಕ್ಯಾನಿಕ್ ಒಬ್ಬ ಎಂಜಿನ್ ಚಾಲೂ ಮಾಡಿಸಿ, ಒಂದು ಮೊಳ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎರಡು ಕಾರ್ಬೊರೇಟರುಗಳಲ್ಲಿ ಮೊದಲನೆಯದರ ಬಾಯಿಗೆ ಹಿಡಿದ, ಆಮೇಲೆ ಎರಡನೆಯದಕ್ಕೆ, ಮತ್ತೆ ಮೊದಲನೆಯದಕ್ಕೆ. ಎರಡೂ ಗಾಳಿ ಎಳೆಯುವ 'ಸುಯ್' ಎಂಬ ಸದ್ದು ಒಂದೇ ಮಟ್ಟಕ್ಕೆ ಬರುವವರೆಗೆ ಪುಟ್ಟ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದ. ಅದಾದ ಮೇಲೆ ಎಂಜಿನ್ ನಿಲ್ಲಿಸಿ, ಎರಡರ ನೆತ್ತಿಯ ಮೇಲಿನ ಮುಚ್ಚಳ ಬಿಚ್ಚಿ, ಒಳಗೆ ಕೆಲವೇ ಹನಿ ಎಣ್ಣೆ ಬಿಟ್ಟು ಮತ್ತೆ ಮುಚ್ಚಿದ. ಅವು ಎಸ್‌ಯು ಕಾರ್ಬೊರೇಟರುಗಳು; ನಮ್ಮ ಹಳೆಯ ಅಂಬಾಸಿಡರುಗಳಲ್ಲಿ ಒಂದೊಂದೇ ಇರುತ್ತಿದ್ದದ್ದೂ ಆ ಜಾತಿಯದೇ. ಮಾವ ಕಂಬಿ ಹಿಡಿದು ಮುಂದಕ್ಕೆ ಬಗ್ಗಿದ್ದರು. "ನಮ್ಮ ಗ್ಯಾರೇಜಿನ ಪೈಪೇ ಕಣಮ್ಮ ಅದು" ಎಂದಾಗ ಅವರ ಗಂಟಲು ಕಟ್ಟಿತ್ತು. ಎರಡು ಕಾರ್ಬೊರೇಟರಿನ ಗಾಡಿ ಹಾಸನಕ್ಕೆ ವರ್ಷಕ್ಕೊಂದು ಬಂದರೆ ಹೆಚ್ಚು. ಬಂದಾಗ ತೋಟದ ನೀರಿನ ಪೈಪಿನ ತುಂಡೊಂದನ್ನು ಹೀಗೆಯೇ ಕಿವಿಗಿಟ್ಟು ಟ್ಯೂನಿಂಗ್ ಮಾಡುತ್ತಿದ್ದವರು ಅವರು, ಮತ್ತು ಅದನ್ನು ನೋಡಿ ಗಿರಾಕಿಗಳು ನಕ್ಕದ್ದೂ ಉಂಟು. ಆ ಮೆಕ್ಯಾನಿಕ್ ಇವರ ಕಡೆ ನೋಡಿದ. ಮಾವ ತಮ್ಮ ಕಿವಿಯನ್ನು ತೋರಿಸಿ, ಹೆಬ್ಬೆರಳು ಎತ್ತಿದರು. ಅವನು ಕೊಳವೆಯನ್ನು ಎತ್ತಿ ಹಿಡಿದು ತಲೆಯಾಡಿಸಿದ.

ಗಾಜಿನ ಹಿಂದೆ ಬೆಳಕು ಹಾಕಿ ನಿಲ್ಲಿಸಿದ ಹಳೆಯ ಕಾರನ್ನು ನಾನು ಹಲವು ಕಡೆ ನೋಡಿದ್ದೇನೆ. ಅಲ್ಲಿ ಕಾಣುವುದು ಬಣ್ಣ ಮತ್ತು ಆಕಾರ. ಇಲ್ಲಿ ಕಂಡದ್ದು, ಆ ಕಾರನ್ನು ಜೀವಂತವಾಗಿ ಇಡಲು ಬೇಕಾದ ಕೆಲಸ. ನಮ್ಮ ಊರುಗಳಲ್ಲಿ ಮೂರು ತಲೆಮಾರಿನಿಂದ ಜೀಪು ಓಡಿಸುತ್ತಿರುವ ತೋಟದ ಮನೆಗಳವರು ಗುಡ್‌ವುಡ್‌ಗೆ ಹೋಗಲೇಬೇಕು ಎಂದು ನಾನು ಹೇಳುವುದಾದರೆ, ಅದು ಈ ಪ್ಯಾಡಕ್‌ಗಾಗಿ.

ರೇಸು ನೋಡಲು ಎಲ್ಲಿ ನಿಲ್ಲಬೇಕು ಎಂಬುದು ಮುಖ್ಯವಾದ ಪ್ರಶ್ನೆ. ಏಕೆಂದರೆ ಸುತ್ತಿನ ಇಡೀ ದಾರಿ ಯಾವ ಒಂದು ಜಾಗದಿಂದಲೂ ಕಾಣುವುದಿಲ್ಲ. ನಾವು ಬೆಳಗ್ಗೆ ಮ್ಯಾಡ್ಜ್‌ವಿಕ್ ಎಂಬ ಮೊದಲ ತಿರುವಿನಲ್ಲಿ ನಿಂತೆವು. ಅದು ಉದ್ದನೆಯ ಬಲ ತಿರುವು. ಅಂದಿನ ಮಾದರಿಯ ಕಿರಿದಾದ ಟಯರುಗಳ ಮೇಲೆ ಕಾರುಗಳು ನಾಲ್ಕೂ ಚಕ್ರಗಳಲ್ಲಿ ಸ್ವಲ್ಪ ಸ್ವಲ್ಪವೇ ಜಾರುತ್ತ, ಚಾಲಕ ಸ್ಟೀರಿಂಗನ್ನು ಅತ್ತ ಇತ್ತ ತಿದ್ದುತ್ತಲೇ ಇರುವುದು ಬರಿಗಣ್ಣಿಗೆ ಕಾಣುತ್ತದೆ. ಇಂದಿನ ರೇಸಿನ ಕಾರು ಹಳಿಯ ಮೇಲೆ ಹೋದಂತೆ ಹೋಗುತ್ತದೆ, ಚಾಲಕನ ಕೈಗಳು ಪ್ರೇಕ್ಷಕರಿಗೆ ಕಾಣುವುದೇ ಇಲ್ಲ. ಇಲ್ಲಿ ತೆರೆದ ಕಾರಿನಲ್ಲಿ ಮೊಣಕೈ ಕೂಡ ಕಾಣುತ್ತದೆ. ತೋಟದ ರ‍್ಯಾಲಿಯಲ್ಲಿ ಐದು ಸೆಕೆಂಡಿಗೆ ಒಗ್ಗಿದ್ದ ನನಗೆ, ಅದೇ ಕಾರು ಒಂದೂವರೆ ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಬಂದು, ಅದೇ ತಿರುವನ್ನು ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ತಿರುಗುವುದನ್ನು ನೋಡುವುದು ಹೊಸ ಸುಖವೇ ಆಗಿತ್ತು. ಮುಂದೆ ಸೇಂಟ್ ಮೇರೀಸ್ ಎಂಬ ತಿರುವು. ಬಲಕ್ಕೆ ಬಲಕ್ಕೆ ತಿರುಗುತ್ತ ಬಂದ ದಾರಿ ಅಲ್ಲಿ ಎಡಕ್ಕೆ ಹೊರಳಿ ತಗ್ಗಿಗೆ ಇಳಿಯುತ್ತದೆ. 1962ರ ಏಪ್ರಿಲ್ 23ರಂದು ಬ್ರಿಟನ್ನಿನ ಹೆಸರಾಂತ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅಪಘಾತಕ್ಕೀಡಾದದ್ದು ಇಲ್ಲಿಯೇ. ಒಂದು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿದ್ದ ಅವರು ಬದುಕಿದರು, ಆದರೆ ವೃತ್ತಿಯ ರೇಸಿಂಗ್ ಅಲ್ಲಿಗೆ ಮುಗಿಯಿತು. ಅಷ್ಟು ದೂರದವರೆಗೆ ನಡೆಯುವವರು ಕಡಿಮೆ, ಆದ್ದರಿಂದ ಜನ ವಿರಳ. ನಡೆಯಬಲ್ಲವರು ತಪ್ಪದೆ ಹೋಗಲಿ. ಮಾವನ ಮಂಡಿಯನ್ನು ನೆನೆದು ನಾನೊಬ್ಬಳೇ ಹೋಗಿ ಬಂದೆ.

ಮಧ್ಯದಲ್ಲಿ ಮಕ್ಕಳ ರೇಸು. ಸೆಟ್ರಿಂಗ್‌ಟನ್ ಕಪ್ ಎಂದು ಹೆಸರು. ಬಿಳಿ ಮೇಲಂಗಿಯ ಪುಟ್ಟ ಮಕ್ಕಳು ದಾರಿಯ ಒಂದು ಬದಿಯಿಂದ ಓಡಿ ಬಂದು, ಎದುರಿನಲ್ಲಿ ಸಾಲಾಗಿ ನಿಂತ ಆಸ್ಟಿನ್ ಜೆ40 ಪೆಡಲ್ ಕಾರುಗಳಿಗೆ ಹತ್ತಿ ತುಳಿಯುತ್ತಾರೆ. ನೋಡಲು ಮುದ್ದಾಗಿದೆ ಎಂದು ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಆ ಕಾರುಗಳ ಹುಟ್ಟು ನನ್ನನ್ನು ತಡೆಯಿತು. 1949ರಲ್ಲಿ ದಕ್ಷಿಣ ವೇಲ್ಸಿನ ಬಾರ್ಗೋಡ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ತೆರೆದು, ಕಲ್ಲಿದ್ದಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಗಣಿಗೆ ಇಳಿಯಲಾಗದೆ ಹೋದ ಕಾರ್ಮಿಕರಿಗೆ ಅಲ್ಲಿ ಕೆಲಸ ಕೊಟ್ಟರು. ದೊಡ್ಡ ಕಾರುಗಳ ತಗಡು ಕತ್ತರಿಸಿ ಉಳಿದ ಚೂರುಗಳಲ್ಲಿ ಅವರು ಈ ಪುಟ್ಟ ಕಾರುಗಳನ್ನು ಮಾಡಿದರು. ಇದನ್ನು ಕನ್ನಡದಲ್ಲಿ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದು, ಅದರ ಬಾಗಿಲಿನ ಬಳಿಯ ತಗಡು ಎಷ್ಟು ಚೆನ್ನಾಗಿ ಮಡಿಸಿದೆ ನೋಡು ಎಂದರು.

ಮಧ್ಯಾಹ್ನದ ಮುಖ್ಯ ಸ್ಪರ್ಧೆ ಆರ್‌ಎಸಿ ಟಿಟಿ ಸೆಲೆಬ್ರೇಷನ್. 1958ರಿಂದ 1964ರವರೆಗೆ ಇದೇ ದಾರಿಯಲ್ಲಿ ನಡೆದ ಟೂರಿಸ್ಟ್ ಟ್ರೋಫಿಯ ನೆನಪಿಗೆ ಒಂದು ಗಂಟೆಯ ರೇಸು; ಒಂದೊಂದು ಕಾರಿಗೆ ಇಬ್ಬರು ಚಾಲಕರು. ಅರವತ್ತರ ದಶಕದ ಮೊದಲ ವರ್ಷಗಳ ಜಾಗ್ವಾರ್ ಇ-ಟೈಪ್, ಎಸಿ ಕೋಬ್ರಾ ಮುಂತಾದ ಮುಚ್ಚಿದ ಮತ್ತು ತೆರೆದ ಸ್ಪೋರ್ಟ್ಸ್ ಕಾರುಗಳು ಇದರಲ್ಲಿ ಓಡುತ್ತವೆ. ಸದ್ದಿನಿಂದಲೇ ಅವುಗಳನ್ನು ಗುರುತಿಸಲು ಮೂರು ಸುತ್ತು ಸಾಕಾಯಿತು: ಕೋಬ್ರಾದ ಎಂಟು ಸಿಲಿಂಡರಿನ 4.7 ಲೀಟರ್ ಫೋರ್ಡ್ ಎಂಜಿನ್ ಎದೆಗೆ ಗುದ್ದಿದಂತೆ ಗುಡುಗುತ್ತದೆ, ಜಾಗ್ವಾರಿನ ಆರು ಸಿಲಿಂಡರು ಒಂದೇ ಉಸಿರಿನಲ್ಲಿ ಬಟ್ಟೆ ಹರಿದಂತೆ ಏರುತ್ತದೆ. ನೇರ ದಾರಿಯಲ್ಲಿ ಕೋಬ್ರಾ ಮುಂದೆ ಹೋಗುತ್ತಿತ್ತು, ತಿರುವಿಗೆ ಬ್ರೇಕ್ ಹಿಡಿಯುವಲ್ಲಿ ಜಾಗ್ವಾರ್ ಮತ್ತೆ ಪಕ್ಕಕ್ಕೆ ಬರುತ್ತಿತ್ತು. ಅರ್ಧ ಗಂಟೆಯ ಹೊತ್ತಿಗೆ ಒಂದು ಇ-ಟೈಪ್ ಮೂತಿ ಜಜ್ಜಿಕೊಂಡು ಒಳಗೆ ಬಂತು. ಬಾನೆಟ್ಟಿನ ಮುಂತುದಿಗೆ ದಪ್ಪ ಟೇಪು ಸುತ್ತಿ, ಚಾಲಕನನ್ನು ಬದಲಿಸಿ, ಮತ್ತೆ ಹೊರಗೆ ಬಿಟ್ಟರು. ಇವು ಅಗ್ಗದ ಕಾರುಗಳಲ್ಲ. ಆ ಕಾಲದ ಟಿಟಿಗಳಲ್ಲಿ ಓಡಿದ ಫೆರಾರಿ 250 ಜಿಟಿಓ ಜಾತಿಯ ಒಂದು ಕಾರು 2018ರ ಹರಾಜಿನಲ್ಲಿ 4.8 ಕೋಟಿ ಡಾಲರ್ ದಾಟಿತ್ತು ಎಂದರೆ ಈ ಲೋಕದ ಬೆಲೆಗಳ ಅಂದಾಜಾಗಬಹುದು. ಅಂಥ ಕಾರುಗಳನ್ನು ಜಜ್ಜಿದರೂ ಸರಿ, ಓಡಲು ಕಟ್ಟಿದ್ದನ್ನು ಓಡಿಸಿಯೇ ತೀರುತ್ತೇವೆ ಎಂದು ನಿಂತವರ ಬಗ್ಗೆ ನನಗೆ ಗೌರವ ಮೂಡಿತು.

ರೇಸಿನ ನಡುವೆ ಕಾರುಗಳು ಬಂದು ನಿಲ್ಲುವ ಪಿಟ್ಟಿನಲ್ಲಿ ಚಾಲಕರು ಬದಲಾಗುವುದನ್ನು ನೋಡುತ್ತಿದ್ದಾಗ 1959ರ ಟಿಟಿ ನೆನಪಾಯಿತು. ಅಂದು ಪೆಟ್ರೋಲ್ ತುಂಬುವಾಗ ಚೆಲ್ಲಿದ್ದು ಕಾದ ಸೈಲೆನ್ಸರಿಗೆ ತಾಗಿ ಆಸ್ಟನ್ ಮಾರ್ಟಿನ್ ತಂಡದ ಪಿಟ್ಟೇ ಹೊತ್ತಿಕೊಂಡಿತ್ತು. ಚಾಲಕ ರಾಯ್ ಸಾಲ್ವಡೋರಿಯ ಬಟ್ಟೆಗೂ ಬೆಂಕಿ ಹತ್ತಿತ್ತು. ಆಗ ಸ್ವಂತ ಆಸ್ಟನ್ ಮಾರ್ಟಿನ್ ಓಡಿಸುತ್ತಿದ್ದ ಗ್ರಹಾಂ ವೈಟ್‌ಹೆಡ್ ತನ್ನ ಕಾರನ್ನು ರೇಸಿನಿಂದ ಹಿಂತೆಗೆದು ತನ್ನ ಪಿಟ್ಟನ್ನು ಅವರಿಗೆ ಬಿಟ್ಟುಕೊಟ್ಟ. ಅದೇ ತಂಡದ ಇನ್ನೊಂದು ಕಾರಿಗೆ ಹತ್ತಿ ಸ್ಟರ್ಲಿಂಗ್ ಮಾಸ್ ಗೆದ್ದರು, ಆ ವರ್ಷದ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಶಿಪ್ಪೂ ಆಸ್ಟನ್ ಮಾರ್ಟಿನ್‌ಗೆ ಬಂತು. ಇಂಥ ಕತೆಗಳನ್ನು ಸ್ವಲ್ಪ ಓದಿಕೊಂಡು ಹೋದರೆ ನಿಂತ ನೆಲ ಮಾತನಾಡುತ್ತದೆ. ಓದದೆ ಹೋದವರಿಗೆ ಮಧ್ಯಾಹ್ನದ ಹೊತ್ತಿಗೆ ಒಂದು ರೇಸು ಇನ್ನೊಂದರಂತೆ ಕಾಣಲು ಶುರುವಾಗಬಹುದು.

ಅನುಕೂಲಗಳ ಬಗ್ಗೆ. ನಡಿಗೆ ಬಹಳ. ಮಡಿಸುವ ಕುರ್ಚಿ ಒಯ್ಯದಿದ್ದರೆ ವಯಸ್ಸಾದವರಿಗೆ ಕಷ್ಟ. ನಾವು ಒಯ್ದಿದ್ದರಿಂದ ಬದುಕಿದೆವು. ಮೆಟ್ಟಿಲು ಸಾಲಿನ ಆಸನಗಳಿಗೆ ಬೇರೆ ಹಣ ಕೊಡಬೇಕು. ಮಂಡಿ ನೋವಿರುವವರು ಜೊತೆಗಿದ್ದರೆ ಆ ಹಣಕ್ಕೆ ಹಿಂಜರಿಯಬೇಡಿ. ಕಿವಿಗೆ ಹತ್ತಿ ಅಥವಾ ಪ್ಲಗ್ ಬೇಕೇ ಬೇಕು. ಸೆಪ್ಟೆಂಬರಿನ ಗಾಳಿ ಬಯಲಿನಲ್ಲಿ ಮುಳ್ಳಯ್ಯನಗಿರಿಯ ಗಾಳಿಯಂತೆ ಕೊರೆಯುತ್ತದೆ. ಸೀರೆಯ ಒಳಗೆ ಉಣ್ಣೆಯ ಕಾಲುಚೀಲ ಹಾಕಿದ್ದು ನನ್ನ ಜಾಣತನ. ಊಟದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಇರಲಿ. ಒಂದು ತಿಂಡಿ ಗಾಡಿಯಲ್ಲಿ ಮುಕ್ಕಾಲು ಗಂಟೆ ಸರದಿ ನಿಂತ ಮೇಲೆ, ಸಸ್ಯಾಹಾರದ್ದು ಮುಗಿದಿದೆ ಎಂದು ಹೇಳಿ ಕಳುಹಿಸಿದರು. ಅದನ್ನು ಮೊದಲೇ ಫಲಕದಲ್ಲಿ ಬರೆದಿದ್ದರೆ ನಮಗೆ ಒಂದು ರೇಸು ತಪ್ಪುತ್ತಿರಲಿಲ್ಲ. ಪುಣ್ಯಕ್ಕೆ ನಾದಿನಿ ಅಕ್ಕಿರೊಟ್ಟಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಟ್ಟಿದ್ದಳು. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂರುವುದು ಅಲ್ಲಿಯ ಜನರ ರೂಢಿಯೂ ಹೌದು, ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಖರ್ಚು ಹೆಚ್ಚು ಎಂಬುದನ್ನು ಮುಚ್ಚಿಡಲಾರೆ. ಟಿಕೆಟ್ಟು, ಪ್ರಯಾಣ, ಆಸನ ಎಲ್ಲ ಸೇರಿಸಿ ರೂಪಾಯಿಗೆ ಲೆಕ್ಕ ಹಾಕಿದರೆ ಹಾಸನದಲ್ಲಿ ಒಂದು ಮನೆಯ ಎರಡು ತಿಂಗಳ ಸಾಮಾನು ಬರುತ್ತದೆ. ಕಾರಿನಲ್ಲಿ ಆಸಕ್ತಿ ಇಲ್ಲದವರು, ಕೇವಲ ಚಿತ್ರ ತೆಗೆಸಿಕೊಳ್ಳಲು ಬಯಸುವವರು ಅಷ್ಟು ಹಣ ಹಾಕುವುದು ಬೇಡ. ಆದರೆ ಸ್ಪಾನರ್ ಹಿಡಿದ ಕೈಯಿರುವವರನ್ನು, ಹಳೆಯ ಗಾಡಿಯನ್ನು ಮಾರಲಾಗದೆ ಕೊಟ್ಟಿಗೆಯಲ್ಲಿ ಇಟ್ಟುಕೊಂಡವರನ್ನು, ರ‍್ಯಾಲಿಯ ದಿನ ತೋಟದ ಬೇಲಿ ಹಾರಿ ಓಡುವವರನ್ನು ಮಕ್ಕಳು ಒಮ್ಮೆ ಕರೆದೊಯ್ಯಲೇಬೇಕು. ಆ ಒಂದು ದಿನಕ್ಕೆ ಅಷ್ಟು ಖರ್ಚು ನನಗೆ ಸ್ವಲ್ಪವೂ ದುಬಾರಿ ಎನಿಸಲಿಲ್ಲ.

ಯಾವ ದಿನದ ಟಿಕೆಟ್ ಎಂದು ಕೇಳುವವರಿಗೆ: ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ನಡೆಯುತ್ತದೆ. ಟಿಟಿ ನೋಡಬೇಕೆಂದರೆ ಭಾನುವಾರ. ಮಾವ ಮಾತ್ರ ಹಾಸನಕ್ಕೆ ಮರಳಿದ ಮೇಲೆ ಬೇರೆ ಮಾತು ಹೇಳುತ್ತಿದ್ದಾರೆ. ಶುಕ್ರವಾರ ಹೆಚ್ಚಿನ ಹೊತ್ತು ಅಭ್ಯಾಸದ ಸುತ್ತುಗಳು, ಓಡಿ ಬಂದ ಕಾರುಗಳ ತೊಂದರೆಗಳೆಲ್ಲ ಅಂದೇ ಹೊರಬೀಳುತ್ತವೆ, ಬಾನೆಟ್ಟುಗಳು ಹೆಚ್ಚು ತೆರೆದಿರುತ್ತವೆ. ಆದ್ದರಿಂದ ಮುಂದಿನ ಸಲ ಶುಕ್ರವಾರದ್ದೇ ತೆಗೆಸು ಎಂದು ತಮ್ಮನಿಗೆ ಈಗಾಗಲೇ ಎರಡು ಬಾರಿ ಫೋನು ಮಾಡಿದ್ದಾರೆ.